ಬಾಂಬ್ ಸಿಡಿದ ಮೇಲೆ ಮೊದಲು ಬರೋದು ಠಾಣೆಯವರೇ

2024ರ ಮಾರ್ಚ್ 1, ಶುಕ್ರವಾರ. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಊಟದ ಹೊತ್ತಿನ ರಶ್ಶು. ಒಂದು ಗಂಟೆ ಆಗಲು ಇನ್ನೂ ಕೆಲವು ನಿಮಿಷ ಇರುವಾಗ ದೊಡ್ಡ ಸದ್ದಾಯಿತು. ಸಿಲಿಂಡರ್ ಸಿಡಿದಿರಬೇಕು ಅಂತಲೇ ಸುತ್ತಲಿನವರು ಮೊದಲು ಅಂದುಕೊಂಡರು. ಒಂಬತ್ತು ಮಂದಿಗೆ ಗಾಯವಾಗಿತ್ತು. ಟೋಪಿ, ಮಾಸ್ಕ್ ಹಾಕಿದ್ದ ಒಬ್ಬ ರವೆ ಇಡ್ಲಿಗೆ ಕೂಪನ್ ತೆಗೆದುಕೊಂಡು, ಬ್ಯಾಗ್ ಬಿಟ್ಟು, ಸುಮಾರು ಒಂದು ಗಂಟೆ ಮುಂಚೆಯೇ ಅಲ್ಲಿಂದ ಹೊರಟು ಹೋಗಿದ್ದ.

ಎಚ್‌ಎಎಲ್ ಠಾಣೆಯ ಪೊಲೀಸರು ಬಂದರು. ಅವರ ಹಿಂದೆಯೇ ಬಾಂಬ್ ಪತ್ತೆ ದಳ, ಶ್ವಾನದಳ, ವಿಧಿವಿಜ್ಞಾನ ಪ್ರಯೋಗಾಲಯದವರು ಬಂದರು. ಸಂಜೆ ಹೊತ್ತಿಗೆ ಇದು ಬಾಂಬ್ ಎಂದು ಮುಖ್ಯಮಂತ್ರಿಯೇ ಹೇಳಿದರು. ಠಾಣೆಯಲ್ಲಿ ಎಫ್‌ಐಆರ್ ಆಯಿತು, ನಗರ ಪೊಲೀಸರ ಅಪರಾಧ ವಿಭಾಗ ಸಿಸಿಬಿ ತನಿಖೆ ಶುರು ಮಾಡಿತು. ಮಾರ್ಚ್ 3ಕ್ಕೆ ಕೇಸು ಎನ್‌ಐಎ, ಅಂದರೆ ರಾಷ್ಟ್ರೀಯ ತನಿಖಾ ದಳದ ಕೈಗೆ ಹೋಯಿತು. ಏಪ್ರಿಲ್ 12ರಂದು ಇಬ್ಬರು ಮುಖ್ಯ ಆರೋಪಿಗಳು ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದರು.

ಎರಡೇ ದಿನಕ್ಕೆ ಕೇಸು ದೆಹಲಿಯ ಸಂಸ್ಥೆಗೆ ಹೋಯ್ತಲ್ಲ, ಹಾಗಾದರೆ ಇಂಥ ವಿಷಯದಲ್ಲಿ ನಮ್ಮ ಊರಿನ ಪೊಲೀಸರಿಗೆ ಏನು ಕೆಲಸ? ಟಿವಿ ನೋಡಿದವರಿಗೆ ಈ ಪ್ರಶ್ನೆ ಬರೋದು ಸಹಜ. ನನ್ನ ಲೆಕ್ಕದಲ್ಲಿ ಠಾಣೆಯ ಕೆಲಸ ಕಡಿಮೆಯಾಗಿಲ್ಲ, ಜಾಸ್ತಿಯೇ ಆಗಿದೆ. ಕಳೆದ ಇಪ್ಪತ್ತು ವರ್ಷದಲ್ಲಿ ಮೇಲೆ ಒಂದರ ಮೇಲೊಂದು ಸಂಸ್ಥೆ ಬಂದಿವೆ. ಆದರೆ ಅವೆಲ್ಲ ನಿಂತಿರೋದು ಠಾಣೆ ತಂದುಕೊಡುವ ಮಾಹಿತಿ, ಠಾಣೆ ಕಾಪಾಡುವ ಪುರಾವೆಯ ಮೇಲೆ. ಆ ಮಾಹಿತಿ ಬರೋದು ಬೀದಿಯ ಜನರಿಂದ. ಈ ಸರಪಳಿ ಹೇಗೆ ಕೆಲಸ ಮಾಡುತ್ತೆ, ಎಲ್ಲಿ ತುಂಡಾಗುತ್ತೆ ಅಂತ ನೋಡೋಣ.

ಮೊದಲ ಒಂದು ಗಂಟೆ

ಸ್ಫೋಟ ಆದ ಜಾಗಕ್ಕೆ ಮೊದಲು ತಲುಪೋದು ಯಾವ ಕಮಾಂಡೊನೂ ಅಲ್ಲ. ಹತ್ತಿರದ ಹೊಯ್ಸಳ ಗಸ್ತು ಗಾಡಿ, ಇಲ್ಲವೇ ಬೀಟ್‌ನಲ್ಲಿರುವ ಕಾನ್‌ಸ್ಟೆಬಲ್. ಅವರ ಮುಂದೆ ಒಟ್ಟಿಗೇ ಹತ್ತು ಕೆಲಸ ಇರುತ್ತವೆ. ಗಾಯಾಳುಗಳನ್ನು ಆಂಬುಲೆನ್ಸ್‌ಗೆ ಹತ್ತಿಸಬೇಕು. ಮೊಬೈಲ್ ಹಿಡಿದು ಒಳಗೆ ನುಗ್ಗುವವರನ್ನು ಹಿಂದೆ ಕಳಿಸಬೇಕು. ಇನ್ನೊಂದು ಬಾಂಬ್ ಇದ್ದರೂ ಇರಬಹುದು, ಹಾಗಾಗಿ ಜಾಗ ಖಾಲಿ ಮಾಡಿಸಬೇಕು. ಯಾರೋ ಪುಣ್ಯಾತ್ಮ ರಕ್ತ ತೊಳೆಯೋಣ ಅಂತ ಬಕೆಟ್ ನೀರು ತಂದರೆ ತಡೆಯಬೇಕು, ಯಾಕೆಂದರೆ ಆ ನೀರಿನ ಜೊತೆ ಪುರಾವೆಯೂ ಚರಂಡಿ ಸೇರುತ್ತೆ.

ಪುರಾವೆ ಅಂದರೆ ನೋಡೋದಕ್ಕೆ ಕಸದ ಹಾಗೇ ಇರುತ್ತೆ. ಬೋಲ್ಟು, ನಟ್ಟು, ಬ್ಯಾಟರಿ ಚೂರು, ಸುಟ್ಟ ವೈರು, ಬ್ಯಾಗಿನ ಜಿಪ್ಪು. ಒಂದೊಂದನ್ನೂ ಎಲ್ಲಿ ಸಿಕ್ಕಿತು ಎಂದು ಗುರುತು ಮಾಡಿ, ಪೊಟ್ಟಣಕ್ಕೆ ಹಾಕಿ, ಅರಗಿನ ಸೀಲ್ ಒತ್ತಿ, ಚೀಟಿ ಅಂಟಿಸಿ, ಪಂಚರ, ಅಂದರೆ ಸಾಕ್ಷಿಗಳ, ಮುಂದೆ ಮಹಜರು ಬರೆದು ಸಹಿ ಹಾಕಿಸಬೇಕು. ಐದಾರು ವರ್ಷ ಕಳೆದ ಮೇಲೆ ಕೋರ್ಟಿನಲ್ಲಿ ಆರೋಪಿಯ ವಕೀಲರು ಕೇಳೋದು ಇದನ್ನೇ: ಈ ವೈರನ್ನು ಎತ್ತಿದವರು ಯಾರು? ಸೀಲ್ ಒತ್ತಿದ್ದು ಎಲ್ಲಿ, ಸ್ಥಳದಲ್ಲೋ ಠಾಣೆಯಲ್ಲೋ? ಪ್ರಯೋಗಾಲಯಕ್ಕೆ ಕಳಿಸುವ ತನಕ ಯಾರ ಕಪಾಟಿನಲ್ಲಿತ್ತು? ಉತ್ತರ ತಡವರಿಸಿದರೆ, ಮೇಲೆ ಎಷ್ಟು ದೊಡ್ಡ ಸಂಸ್ಥೆ ತನಿಖೆ ಮಾಡಿದ್ದರೂ ಕೇಸು ಅಲ್ಲಾಡುತ್ತೆ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯೆ ಕಾನೂನು, ಅಂದರೆ ಬಿಎನ್‌ಎಸ್‌ಎಸ್, ಈ ಕೆಲಸವನ್ನು ಇನ್ನಷ್ಟು ಬಿಗಿ ಮಾಡಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಈ ನಿಯಮವನ್ನು ಹಂತ ಹಂತವಾಗಿ ಜಾರಿ ಮಾಡೋಕೆ ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಶೋಧ ಮತ್ತು ಜಪ್ತಿಯ ವಿಡಿಯೋ ಮಾಡಬೇಕು. ಒಳ್ಳೆಯದೇ. ಆದರೆ ಆ ವಿಡಿಯೋ ಹಿಡಿಯಬೇಕಾದವನು ಬೆಳಿಗ್ಗೆ ಗಣಪತಿ ಮೆರವಣಿಗೆಯ ಬಂದೋಬಸ್ತ್ ಮುಗಿಸಿ ಬಂದ ಅದೇ ಕಾನ್‌ಸ್ಟೆಬಲ್ ಅನ್ನೋದನ್ನು ಮರೆಯಬಾರದು.

ಸಿಸಿಟಿವಿ ವಿಷಯವೂ ಇಲ್ಲೇ ಬರುತ್ತೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಒಂದೇ ಹೊತ್ತಿಗೆ 100 ಮಂದಿ ಅಥವಾ ದಿನಕ್ಕೆ 500 ಮಂದಿ ಬಂದು ಹೋಗುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಬೇಕು. ರಾಮೇಶ್ವರಂ ಕೆಫೆ ಕೇಸಿನಲ್ಲಿ ಹೋಟೆಲಿನ ಕ್ಯಾಮೆರಾದಿಂದ ಬಸ್ಸಿನ ಕ್ಯಾಮೆರಾಕ್ಕೆ, ಅಲ್ಲಿಂದ ಮುಂದಿನ ಬೀದಿಗೆ ಎಂದು ಶಂಕಿತನ ದಾರಿ ಹುಡುಕಿದ್ದು ಹೀಗೆಯೇ. ಅವನು ಬಿಸಾಡಿ ಹೋಗಿದ್ದ ಟೋಪಿ ಸಿಕ್ಕಿತು. ಅದನ್ನು ಕೊಂಡಿದ್ದು ಚೆನ್ನೈನಲ್ಲಿ ಅನ್ನೋದು ಗೊತ್ತಾಗಿ ತನಿಖೆಗೆ ದಿಕ್ಕು ಸಿಕ್ಕಿತು. ಅಂಗಡಿ ಅಂಗಡಿಗೆ ಹೋಗಿ "ಸರ್, ಡಿವಿಆರ್ ತೋರಿಸಿ" ಎಂದು ಕೇಳುವ ಈ ಬೇಜಾರಿನ ಕೆಲಸಕ್ಕೆ ಕಾಲು ಸವೆಸಲೇಬೇಕು, ಬೇರೆ ದಾರಿಯಿಲ್ಲ.

ಪೊಲೀಸ್ ರಾಜ್ಯದ್ದು, ಉಗ್ರರಿಗೆ ಗಡಿಯಿಲ್ಲ

ನಮ್ಮ ಸಂವಿಧಾನದಲ್ಲಿ ಪೊಲೀಸ್ ಮತ್ತು ಸಾರ್ವಜನಿಕ ಶಾಂತಿ ಎರಡೂ ರಾಜ್ಯಪಟ್ಟಿಯಲ್ಲಿವೆ. ಅಂದರೆ ಪೊಲೀಸರನ್ನು ನೇಮಿಸೋದು, ಸಂಬಳ ಕೊಡೋದು, ನಡೆಸೋದು ರಾಜ್ಯ ಸರ್ಕಾರ. ಈ ಇಲಾಖೆಯ ಹಳೆಯ ಅಚ್ಚು 1861ರ ಪೊಲೀಸ್ ಕಾಯ್ದೆಯದ್ದು. 1857ರ ದಂಗೆ ನೋಡಿ ಬೆದರಿದ ಬ್ರಿಟಿಷರು ಜನರನ್ನು ಹದ್ದುಬಸ್ತಿನಲ್ಲಿಡಲು ಮಾಡಿದ ಕಾನೂನು ಅದು. ಕರ್ನಾಟಕಕ್ಕೆ 1963ರಲ್ಲಿ ತನ್ನದೇ ಪೊಲೀಸ್ ಕಾಯ್ದೆ ಬಂತು. ಆದರೂ ಠಾಣೆಯ ಮೂಲ ಲೆಕ್ಕಾಚಾರ ಬದಲಾಗಲಿಲ್ಲ: ಒಂದು ಸರಹದ್ದು, ಆ ಸರಹದ್ದಿನೊಳಗೆ ಒಂದು ಅಪರಾಧ, ಆಮೇಲೆ ಒಬ್ಬ ಅಪರಾಧಿಯನ್ನು ಹುಡುಕೋದು.

ಬಾಂಬ್ ಕೇಸು ಈ ಲೆಕ್ಕಕ್ಕೆ ಒಗ್ಗೋದೇ ಇಲ್ಲ. ಸ್ಫೋಟ ಒಂದು ರಾಜ್ಯದಲ್ಲಿ, ಸಿಮ್ ಕಾರ್ಡ್ ಇನ್ನೊಂದರಲ್ಲಿ, ಅಡಗೋದು ಮತ್ತೊಂದರಲ್ಲಿ, ಹಣ ವಿದೇಶದಿಂದ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ ಆಯಿತು, ಮರುದಿನವೇ ಅಹಮದಾಬಾದಿನಲ್ಲಿ. ಎರಡೂ ರಾಜ್ಯದ ಪೊಲೀಸರು ತಮ್ಮ ತಮ್ಮ ಎಫ್‌ಐಆರ್ ಹಿಡಿದು ತಮ್ಮ ತಮ್ಮ ದಾರಿ ಹಿಡಿಯಬೇಕಾಯಿತು.

ಆಮೇಲೆ ನಾಲ್ಕು ತಿಂಗಳಿಗೆ ಮುಂಬೈ. 2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ಗುಜರಾತಿನ ಮೀನುಗಾರಿಕಾ ಬೋಟ್ 'ಕುಬೇರ್' ಅನ್ನು ಅಪಹರಿಸಿ ಸಮುದ್ರ ದಾಟಿ ಬಂದರು. ಕೊನೆಯ ಸ್ವಲ್ಪ ದೂರ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕಫ್ ಪರೇಡ್ ಹತ್ತಿರದ ಮೀನುಗಾರರ ಕೇರಿಗೆ ಇಳಿದರು. ಕೇರಿಯವರು ಅವರನ್ನು ನೋಡಿದ್ದರು, ಯಾರು ನೀವು ಎಂದು ಕೇಳಿಯೂ ಇದ್ದರು. ಮುಂದಿನ ಸುಮಾರು 60 ಗಂಟೆಗಳಲ್ಲಿ 166 ಮಂದಿ ಸತ್ತರು. ರೈಲು ನಿಲ್ದಾಣದಲ್ಲಿ ಎಕೆ-47ಗೆ ಎದುರಾಗಿದ್ದು ಹಳೆಯ 303 ರೈಫಲ್ ಮತ್ತು ಲಾಠಿ. ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಒಂದೇ ಗಾಡಿಯಲ್ಲಿ ಹೋಗುವಾಗ ಗುಂಡಿಗೆ ಬಲಿಯಾದರು.

ಗಿರ್‌ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಎಎಸ್‌ಐ ತುಕಾರಾಮ್ ಓಂಬ್ಳೆ ಕಸಬ್‌ನ ಬಂದೂಕಿನ ನಳಿಕೆಯನ್ನೇ ಹಿಡಿದುಕೊಂಡರು. ಗುಂಡುಗಳು ಮೈಗೆ ಹೊಕ್ಕರೂ ಬಿಡಲಿಲ್ಲ. ಜೀವಂತ ಸಿಕ್ಕ ಒಬ್ಬನೇ ಉಗ್ರ ಅವನು. ಓಂಬ್ಳೆ ಹಿಡಿದಿದ್ದರಿಂದಲೇ ಇಡೀ ಸಂಚು ಕೋರ್ಟಿನಲ್ಲಿ ಬಿಚ್ಚಿಕೊಂಡಿತು. ಇನ್ನೊಂದು ಮಾತು ಎಷ್ಟೋ ಜನರಿಗೆ ನೆನಪಿರಲ್ಲ: ಕಸಬ್‌ಗೆ ಶಿಕ್ಷೆಯಾದ ಕೇಸಿನ ತನಿಖೆ ಮಾಡಿದ್ದು ಮುಂಬೈನ ಕ್ರೈಂ ಬ್ರಾಂಚ್, ಅಂದರೆ ಊರಿನ ಪೊಲೀಸರೇ. ದಾಳಿ ನಡೆದಾಗ ಎನ್‌ಐಎ ಇನ್ನೂ ಹುಟ್ಟಿರಲಿಲ್ಲ.

ಕೇಂದ್ರದ ರಾಷ್ಟ್ರೀಯ ಭದ್ರತಾ ಪಡೆ, ಅಂದರೆ ಎನ್‌ಎಸ್‌ಜಿ ಕಮಾಂಡೊಗಳು ಹರಿಯಾಣದ ಮಾನೇಸರ್‌ನಿಂದ ಹೊರಟು ಮುಂಬೈ ತಲುಪುವಾಗ ಬೆಳಗಾಗಿತ್ತು. ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನ ಕಾರ್ಯಾಚರಣೆಯಲ್ಲಿ ಹುತಾತ್ಮರಾದದ್ದು ನಿಮಗೆ ಗೊತ್ತೇ ಇದೆ. ಆ ತಡದಿಂದ ಪಾಠ ಕಲಿತು ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತದಲ್ಲಿ ಎನ್‌ಎಸ್‌ಜಿ ಕೇಂದ್ರ ಬಂದವು. ಬೆಂಗಳೂರಿಗೆ ಹತ್ತಿರದ್ದು ಅಂದರೆ ಚೆನ್ನೈ ಅಥವಾ ಹೈದರಾಬಾದ್. ಅಲ್ಲಿಂದ ತಂಡ ಬಂದು ಇಳಿಯುವವರೆಗೆ ನಿಭಾಯಿಸೋದು ಯಾರು? ಅದಕ್ಕೇ ರಾಜ್ಯಗಳು ತಮ್ಮದೇ ಪಡೆ ಕಟ್ಟಿದವು. ಮಹಾರಾಷ್ಟ್ರದಲ್ಲಿ ಫೋರ್ಸ್ ಒನ್ ಬಂತು. ಕರ್ನಾಟಕದಲ್ಲಿ ಆಂತರಿಕ ಭದ್ರತಾ ವಿಭಾಗ, ಅದರ ಕೆಳಗೆ ಗರುಡ ಪಡೆ ಬಂದವು. ಪೊಲೀಸರು ಸೈನಿಕರ ಹಾಗೆ ತರಬೇತಿ ಪಡೆಯೋದು ಹೊಸದೇನಲ್ಲ. ನಕ್ಸಲರ ವಿರುದ್ಧ ಕಟ್ಟಿದ ಆಂಧ್ರದ ಗ್ರೇಹೌಂಡ್ಸ್ 1989ರಷ್ಟು ಹಳೆಯದು, ವೀರಪ್ಪನ್ ಬೆನ್ನು ಹತ್ತಿದ್ದ ಎಸ್‌ಟಿಎಫ್ ನಮಗೆಲ್ಲ ಗೊತ್ತು. ಅವೆಲ್ಲ ಕಾಡಿಗಾಗಿ ಕಟ್ಟಿದ ಪಡೆಗಳು. ಗರುಡದಂಥ ಪಡೆಯನ್ನು ಕಟ್ಟಿದ್ದು ಊರಿಗಾಗಿ.

ಕೇಸು ಎನ್‌ಐಎಗೆ ಹೋಗೋದು ಹೇಗೆ?

ಮುಂಬೈ ದಾಳಿಯಾಗಿ ತಿಂಗಳು ತುಂಬುವ ಮುಂಚೆಯೇ, 2008ರ ಡಿಸೆಂಬರ್‌ನಲ್ಲಿ, ಸಂಸತ್ತು ಎರಡು ಮಸೂದೆ ಪಾಸು ಮಾಡಿತು. ಒಂದು ಎನ್‌ಐಎ ಕಾಯ್ದೆ. ಇನ್ನೊಂದು ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೆ ತಿದ್ದುಪಡಿ.

ಎನ್‌ಐಎ ಬಂದ ಮೇಲೆ ಕ್ರಮ ಹೀಗಿದೆ. ಎನ್‌ಐಎ ಕಾಯ್ದೆಯ ಪಟ್ಟಿಯಲ್ಲಿರುವ ಅಪರಾಧ ಠಾಣೆಯಲ್ಲಿ ದಾಖಲಾದ ಕೂಡಲೇ ಠಾಣಾಧಿಕಾರಿ ರಾಜ್ಯ ಸರ್ಕಾರಕ್ಕೆ ವರದಿ ಕಳಿಸಬೇಕು. ರಾಜ್ಯ ಅದನ್ನು ಕೇಂದ್ರಕ್ಕೆ ಕಳಿಸಬೇಕು. ವರದಿ ಸಿಕ್ಕ 15 ದಿನದೊಳಗೆ ಕೇಂದ್ರ ತೀರ್ಮಾನ ಮಾಡುತ್ತೆ: ಇದು ಎನ್‌ಐಎ ನೋಡಬೇಕಾದ ಕೇಸೋ ಅಲ್ಲವೋ. ರಾಜ್ಯ ಕೇಳದೇ ಇದ್ದರೂ ಕೇಂದ್ರ ತಾನಾಗಿ ಕೇಸು ಎತ್ತಿಕೊಳ್ಳಬಹುದು. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಎನ್‌ಐಎ ಕೇಸು ಕೈಗೆತ್ತಿಕೊಳ್ಳುವ ತನಕ ತನಿಖೆ ಮುಂದುವರಿಸೋದು ಠಾಣಾಧಿಕಾರಿಯ ಕರ್ತವ್ಯ. "ಹೇಗೂ ಅವರು ಬರ್ತಾರೆ, ನಮಗ್ಯಾಕೆ" ಅಂತ ಸುಮ್ನೆ ಕೂರೋ ಹಾಗಿಲ್ಲ. ಕೇಸು ಹೋದ ಮೇಲೂ ರಾಜ್ಯ ಪೊಲೀಸರು ಸಹಾಯ ಮಾಡಬೇಕು. ಎನ್‌ಐಎಯಲ್ಲಿ ಇರುವ ಬಹಳಷ್ಟು ಅಧಿಕಾರಿಗಳೂ ರಾಜ್ಯ ಪೊಲೀಸ್ ಮತ್ತು ಇತರ ಪಡೆಗಳಿಂದ ನಿಯೋಜನೆಯ ಮೇಲೆ ಹೋದವರೇ.

ಅಧಿಕಾರಿಯ ದರ್ಜೆಯೂ ಇಲ್ಲಿ ಮುಖ್ಯ. ಕಳ್ಳತನದ ಕೇಸನ್ನು ಪಿಎಸ್‌ಐ ತನಿಖೆ ಮಾಡಬಹುದು. ಯುಎಪಿಎ ಕೇಸನ್ನು ರಾಜ್ಯದಲ್ಲಿ ಡಿವೈಎಸ್‌ಪಿ ಅಥವಾ ಎಸಿಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಎನ್‌ಐಎಯಲ್ಲಾದರೆ, 2019ರ ತಿದ್ದುಪಡಿ ಆದ ಮೇಲೆ, ಇನ್‌ಸ್ಪೆಕ್ಟರ್ ಸಾಕು. ಹೊಸ ದಂಡ ಸಂಹಿತೆ ಬಿಎನ್‌ಎಸ್‌ನ 113ನೇ ಸೆಕ್ಷನ್‌ನಲ್ಲೂ ಭಯೋತ್ಪಾದನೆ ಅಪರಾಧ ಸೇರಿದೆ. ಹಾಗಾಗಿ ಒಂದೇ ಕೃತ್ಯಕ್ಕೆ ಎರಡು ಕಾನೂನು. ಯಾವುದರ ಕೆಳಗೆ ಕೇಸು ಹಾಕಬೇಕು ಅನ್ನೋದನ್ನು ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ತೀರ್ಮಾನಿಸಬೇಕು. ಯಾವ ಲೆಕ್ಕದ ಮೇಲೆ ತೀರ್ಮಾನಿಸಬೇಕು ಅಂತ ಕಾನೂನು ಹೇಳಿಲ್ಲ. ಇದು ನನಗೆ ಸರಿ ಕಾಣಲ್ಲ. ಆರೋಪಿಗೆ ಜಾಮೀನು ಸಿಗೋದು, ಬಿಡೋದು ಈ ಆಯ್ಕೆಯ ಮೇಲೇ ನಿಂತಿರುತ್ತೆ.

ಇದೆಲ್ಲ ರಾಜ್ಯಗಳು ಖುಷಿಯಿಂದ ಒಪ್ಪಿದ್ದಲ್ಲ. 2012ರಲ್ಲಿ ಕೇಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ ಮಾಡಲು ಹೊರಟಿತ್ತು. ಅದು ಗುಪ್ತಚರ ಬ್ಯೂರೋದ ಅಡಿಯಲ್ಲಿ ಇರುತ್ತಿತ್ತು, ಬಂಧಿಸುವ ಅಧಿಕಾರವೂ ಇರುತ್ತಿತ್ತು. ಮಮತಾ ಬ್ಯಾನರ್ಜಿ, ಜಯಲಲಿತಾ, ನವೀನ್ ಪಟ್ನಾಯಕ್, ಆಗ ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ, ಹೀಗೆ ಬೇರೆ ಬೇರೆ ಪಕ್ಷದವರೆಲ್ಲ ವಿರೋಧಿಸಿದರು. ಗುಟ್ಟಾಗಿ ಮಾಹಿತಿ ಕಲೆಹಾಕುವವರ ಕೈಗೇ ಬೇಡಿಯನ್ನೂ ಕೊಡಬಾರದು ಅನ್ನೋದು ವಾದದ ತಿರುಳು. ಯೋಜನೆ ಅಲ್ಲಿಗೇ ನಿಂತಿತು. 2020ರಲ್ಲಿ ಛತ್ತೀಸ್‌ಗಢ ಸರ್ಕಾರ ಎನ್‌ಐಎ ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿಯಲ್ಲಿ ಯಾರಿದ್ದಾರೆ, ರಾಜ್ಯದಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ಈ ಜಗಳದ ಕಾವು ಏರುತ್ತೆ, ಇಳಿಯುತ್ತೆ.

ಆಗೋ ಮುಂಚೆ ತಿಳಿಯೋದು

ದೊಡ್ಡ ಬದಲಾವಣೆ ನನ್ನ ಪ್ರಕಾರ ಬೇರೆ ಕಡೆ ಇದೆ. ಮೊದಲು ಪೊಲೀಸರಿಗೆ ನಾವು ಕೇಳುತ್ತಿದ್ದದ್ದು "ಯಾರು ಮಾಡಿದ್ದು?" ಅಂತ. ಈಗ ಕೇಳೋದು "ಮುಂಚೆಯೇ ಯಾಕೆ ಗೊತ್ತಾಗಲಿಲ್ಲ?" ಅಂತ. ಎರಡನೇ ಪ್ರಶ್ನೆಗೆ ಉತ್ತರ ಕೊಡಲು ಬೇರೆಯೇ ಥರದ ಪೊಲೀಸ್ ಬೇಕು.

ಮೇಲಿನ ಹಂತದಲ್ಲಿ ಇದಕ್ಕಾಗಿ ಕೇಂದ್ರ ಮತ್ತು ರಾಜ್ಯಗಳ ಗುಪ್ತಚರ ಮಾಹಿತಿ ಒಂದೆಡೆ ಸೇರುವ ಮಲ್ಟಿ ಏಜೆನ್ಸಿ ಸೆಂಟರ್ ಇದೆ. ಕಾರ್ಗಿಲ್ ಯುದ್ಧದ ನಂತರ ಹುಟ್ಟಿದ್ದು, 26/11 ಆದ ಮೇಲೆ ಬಲಗೊಂಡಿದ್ದು. ಠಾಣೆಗಳ ದಾಖಲೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಇದೆ. ಬೇರೆ ಬೇರೆ ಇಲಾಖೆಗಳ ಮಾಹಿತಿಯನ್ನು ತನಿಖಾ ಸಂಸ್ಥೆಗಳಿಗೆ ಒದಗಿಸುವ ನ್ಯಾಟ್‌ಗ್ರಿಡ್ ಇದೆ. ಹೆಸರುಗಳ ಪಟ್ಟಿ ಇಷ್ಟು ಸಾಕು.

ಕೆಳಗಿನ ಹಂತದಲ್ಲಿ ಏನಾಗುತ್ತೆ ಅನ್ನೋದಕ್ಕೆ ಮಂಗಳೂರಿನ ಕುಕ್ಕರ್ ಸ್ಫೋಟ ನೋಡಿ. 2022ರ ನವೆಂಬರ್ 19, ಶನಿವಾರ ಸಂಜೆ. ಓಡುತ್ತಿದ್ದ ಆಟೊದಲ್ಲಿ ಹೊಗೆ, ಬೆಂಕಿ. ಚಾಲಕ ಮತ್ತು ಪ್ರಯಾಣಿಕ ಇಬ್ಬರಿಗೂ ಸುಟ್ಟಗಾಯ. ಗಾಡಿಗೆ ಬೆಂಕಿ ಬಿದ್ದಿದೆ ಅಂತ ಮುಚ್ಚಿಹಾಕಬಹುದಾಗಿದ್ದ ಘಟನೆ. ಆದರೆ ಒಳಗೆ ಒಂದು ಪ್ರೆಶರ್ ಕುಕ್ಕರ್ ಇತ್ತು, ಅದರ ಜೊತೆ ಬ್ಯಾಟರಿ, ವೈರು. ಪ್ರಯಾಣಿಕನ ಬಳಿ ಇದ್ದ ಆಧಾರ್ ಕಾರ್ಡ್‌ನಲ್ಲಿದ್ದ ವ್ಯಕ್ತಿಯನ್ನು ಪೊಲೀಸರು ಹುಡುಕಿ ಮಾತಾಡಿಸಿದರು. ಆತ ಬೇರೆ ಊರಲ್ಲಿ ತನ್ನ ಪಾಡಿಗೆ ತಾನು ಆರಾಮಾಗಿದ್ದ. ಕಾರ್ಡ್ ಯಾವಾಗಲೋ ಕಳೆದುಹೋಗಿತ್ತು. ಮರುದಿನವೇ ಡಿಜಿಪಿ ಇದು ಭಯೋತ್ಪಾದನಾ ಕೃತ್ಯ ಎಂದರು. ಆರೋಪಿ ಅದೇ ಕಾರ್ಡ್ ತೋರಿಸಿ ಮೈಸೂರಿನಲ್ಲಿ ರೂಮು ಬಾಡಿಗೆ ಹಿಡಿದಿದ್ದ ಅನ್ನೋದು ಆಮೇಲೆ ಹೊರಬಂತು. ಕೇಸು ಎನ್‌ಐಎಗೆ ಹೋಯಿತು.

ಇಲ್ಲಿ ಗಮನಿಸಬೇಕಾದ್ದು ಆ ಬಾಡಿಗೆ ರೂಮು. ಬಾಡಿಗೆದಾರರ ವಿವರ ಠಾಣೆಗೆ ಕೊಡಿ ಎಂದು ಪೊಲೀಸರು ಆಗಾಗ ಹೇಳುತ್ತಲೇ ಇರುತ್ತಾರೆ. ಮನೆ ಮಾಲೀಕರು ಆಧಾರ್ ಜೆರಾಕ್ಸ್ ಇಸಿದುಕೊಂಡು ಬೀರುವಿನಲ್ಲಿಟ್ಟು ಮರೆಯುತ್ತಾರೆ. ನಾನು ಬಾಡಿಗೆಗೆ ಇದ್ದ ಮನೆಗಳಲ್ಲೂ ಅಷ್ಟೇ. ಅಡ್ವಾನ್ಸ್ ಎಷ್ಟು, ಮನೆಯಲ್ಲಿ ಮಾಂಸ ಮಾಡ್ತೀರಾ ಅಂತ ಕೇಳಿದವರು, ಕಾರ್ಡಿನ ಫೋಟೊ ನನ್ನದೇನಾ ಅಂತ ಒಮ್ಮೆಯೂ ನೋಡಲಿಲ್ಲ.

ಕರಾವಳಿಯಲ್ಲಿ ಈ ಕೆಲಸಕ್ಕೆ ಬೇರೆಯೇ ರೂಪ ಇದೆ. ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಕಡಲತೀರ. ಅದನ್ನು ಕಾಯೋಕೆ ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸ್ ಇದೆ. ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿಯಿಂದ ಹಿಡಿದು ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರದ ತನಕ ಒಂಬತ್ತು ಠಾಣೆ. ಆಗಾಗ 'ಸಾಗರ ಕವಚ' ಎನ್ನುವ ಅಣಕು ಕಾರ್ಯಾಚರಣೆ ನಡೆಯುತ್ತೆ. ಒಂದು ತಂಡ ಉಗ್ರರ ವೇಷದಲ್ಲಿ ಸಮುದ್ರದಿಂದ ಒಳಗೆ ನುಸುಳಬೇಕು. ನೌಕಾಪಡೆ, ಕೋಸ್ಟ್ ಗಾರ್ಡ್, ಪೊಲೀಸ್ ಸೇರಿ ಅವರನ್ನು ಹಿಡಿಯಬೇಕು. ಬಂದರಿಗೆ ಬರುವ ಬೋಟುಗಳ ಕಾಗದಪತ್ರ, ಮೀನುಗಾರರ ಗುರುತಿನ ಚೀಟಿ, ಹೆದ್ದಾರಿಯಲ್ಲಿ ನಾಕಾಬಂದಿ, ಆ ದಿನಗಳಲ್ಲಿ ಎಲ್ಲವೂ ಬಿಗಿ.

ಆದರೆ ವರ್ಷದ ಉಳಿದ ದಿನ ಕಡಲ ಮೇಲೆ ಇರೋದು ಮೀನುಗಾರರೇ. ತಮ್ಮ ಬೋಟು ಯಾವುದು, ಹೊರಗಿನದ್ದು ಯಾವುದು, ಈ ಹೊತ್ತಲ್ಲಿ ಇಲ್ಲಿ ಯಾಕೆ ನಿಂತಿದೆ ಅನ್ನೋದು ರಾಡಾರ್‌ಗಿಂತ ಮುಂಚೆ ಅವರ ಕಣ್ಣಿಗೆ ಬೀಳುತ್ತೆ. ಮುಂಬೈನ ಕೇರಿಯಲ್ಲೂ ಬಿದ್ದಿತ್ತಲ್ವಾ? ಕಂಡದ್ದನ್ನು ಯಾರಿಗೆ ಹೇಳಬೇಕು, ಹೇಳಿದರೆ ಅವರು ಎದ್ದು ಬರುತ್ತಾರಾ, ಇಲ್ಲಾ "ನಿನಗೆ ಹೇಗೆ ಗೊತ್ತು?" ಅಂತ ಹೇಳಿದವನನ್ನೇ ಕೂರಿಸಿಕೊಳ್ಳುತ್ತಾರಾ? ಈ ಅನುಮಾನ ಹೋಗದೇ ಯಾವ ಸ್ಪೀಡ್ ಬೋಟ್ ಕೊಟ್ಟರೂ ಉಪಯೋಗ ಅಷ್ಟಕ್ಕಷ್ಟೇ.

ಅನುಮಾನಕ್ಕೆ ಬೆಲೆ ಇದೆ

ಅಪರಾಧ ಆಗೋ ಮುಂಚೆ ಹಿಡಿಯೋದು ಅಂದರೆ ಅನುಮಾನದ ಮೇಲೆ ಹಿಡಿಯೋದು. ಅದಕ್ಕೆ ಕಾನೂನು ಹೆಚ್ಚಿನ ಅಧಿಕಾರ ಕೊಟ್ಟಿದೆ. ಸಾಮಾನ್ಯ ಕೇಸಿನಲ್ಲಿ ಪೊಲೀಸ್ ಕಸ್ಟಡಿ 15 ದಿನ, ಯುಎಪಿಎಯಲ್ಲಿ 30 ದಿನ. ಸಾಮಾನ್ಯ ಕೇಸಿನಲ್ಲಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಹಕ್ಕು ಬರುತ್ತೆ, ಯುಎಪಿಎಯಲ್ಲಿ ಕೋರ್ಟು ಅದನ್ನು 180 ದಿನದವರೆಗೆ ಎಳೆಯಬಹುದು. ಪೊಲೀಸರ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೂ ಸಾಕು, ಜಾಮೀನು ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಿಟಕಿ ತೆರೆಯಿತು: ವಿಚಾರಣೆ ಮುಗಿಯೋ ಲಕ್ಷಣವೇ ಇಲ್ಲದೆ ಆರೋಪಿ ವರ್ಷಗಟ್ಟಲೆ ಒಳಗಿದ್ದರೆ, ಸಂವಿಧಾನದ ಹಕ್ಕಿನ ಮೇಲೆ ಜಾಮೀನು ಕೊಡಬಹುದು ಎಂದಿತು.

ಯುಎಪಿಎ 1967ರ ಕಾನೂನು. ಶುರುವಿನಲ್ಲಿ ಅದು ಕಾನೂನುಬಾಹಿರ ಸಂಘಟನೆಗಳಿಗೆ ಸಂಬಂಧಿಸಿದ್ದು. ಭಯೋತ್ಪಾದನೆಗೆ ಟಾಡಾ ಇತ್ತು, ದುರ್ಬಳಕೆಯ ದೂರು ಮಿತಿಮೀರಿ 1995ರಲ್ಲಿ ಅದರ ಅವಧಿ ಮುಗಿಯಲು ಬಿಟ್ಟರು. 2002ರಲ್ಲಿ ಪೋಟಾ ಬಂತು, 2004ರಲ್ಲಿ ಅದೂ ಹೋಯಿತು. ಹೋಗುವಾಗ ಅದರ ಮುಖ್ಯ ಅಂಶಗಳನ್ನು ಯುಎಪಿಎಗೆ ಸೇರಿಸಿದರು. ಟಾಡಾ, ಪೋಟಾಗಳಿಗೆ ಕೊನೆಯ ದಿನಾಂಕ ಇತ್ತು. ಯುಎಪಿಎಗೆ ಇಲ್ಲ.

2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು, ಹುಬ್ಬಳ್ಳಿ ಕಡೆ ಹಲವು ಯುವಕರನ್ನು ಪೊಲೀಸರು ಬಂಧಿಸಿದರು. ಗಣ್ಯರನ್ನು ಕೊಲ್ಲುವ ಸಂಚು ಎಂಬುದು ಆರೋಪ. ಅವರಲ್ಲಿ ಒಬ್ಬರು ಬೆಂಗಳೂರಿನ ಪತ್ರಿಕೆಯೊಂದರ ವರದಿಗಾರ. ಬಂಧನದ ದಿನವೇ ಅವರನ್ನು ಸಂಚಿನ ರೂವಾರಿ ಎಂಬಂತೆ ತೋರಿಸಲಾಯಿತು. ಕೇಸು ಎನ್‌ಐಎಗೆ ಹೋಯಿತು. ಸುಮಾರು ಆರು ತಿಂಗಳ ನಂತರ, 2013ರ ಫೆಬ್ರವರಿಯಲ್ಲಿ, ಅವರ ಮೇಲೆ ಸಾಕ್ಷ್ಯ ಇಲ್ಲ ಎಂದಾಗಿ ಬಿಡುಗಡೆಯಾದರು. ಅದೇ ಕೇಸಿನಲ್ಲಿ 13 ಮಂದಿ 2016ರಲ್ಲಿ ತಪ್ಪೊಪ್ಪಿಕೊಂಡು ಐದು ವರ್ಷ ಶಿಕ್ಷೆ ಪಡೆದರು. ಹಾಗಾಗಿ ಇದನ್ನು "ಸುಳ್ಳು ಕೇಸು" ಅನ್ನೋಕಾಗಲ್ಲ, "ಪೊಲೀಸರು ಮಾಡಿದ್ದೇ ಸರಿ" ಅನ್ನೋಕೂ ಆಗಲ್ಲ. ಬಲೆ ಬೀಸಿದಾಗ ಯಾರ್ಯಾರು ಸಿಕ್ಕಿಕೊಳ್ಳುತ್ತಾರೆ ಅನ್ನೋದನ್ನು ಬೇಗ ಬೇರ್ಪಡಿಸುವ ವ್ಯವಸ್ಥೆ ಬೇಕು. ಆರು ತಿಂಗಳು ಬೇಗ ಅಲ್ಲ. ಆದರೂ ಬೇರೆ ಕೇಸುಗಳಿಗೆ ಹೋಲಿಸಿದರೆ ಅದು ಬೇಗವೇ.

ಹೋಲಿಕೆಗೆ ಮುಂಬೈ ರೈಲು ಸ್ಫೋಟ ತೆಗೆದುಕೊಳ್ಳಿ. 2006ರ ಜುಲೈ 11ರ ಸಂಜೆ ಏಳು ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ತನಿಖೆ ಮಾಡಿತು. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಗೆ ಶಿಕ್ಷೆ ಕೊಟ್ಟಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲ 12 ಮಂದಿಯನ್ನೂ ಖುಲಾಸೆ ಮಾಡಿತು. ತಪ್ಪೊಪ್ಪಿಗೆಗಳನ್ನು ನಂಬುವಂತಿಲ್ಲ, ಗುರುತು ಪತ್ತೆ ಪರೇಡ್ ಸರಿಯಾಗಿ ನಡೆದಿಲ್ಲ ಎಂದಿತು. ಅವರಲ್ಲಿ ಒಬ್ಬ ಅಷ್ಟರಲ್ಲಾಗಲೇ ತೀರಿಕೊಂಡಿದ್ದ. ಮೂರು ದಿನ ಕಳೆದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬೇರೆ ಕೇಸುಗಳಿಗೆ ಮಾದರಿಯಾಗಿ ಬಳಸಬಾರದು ಎಂದು ತಡೆ ಕೊಟ್ಟಿತು, ಬಿಡುಗಡೆಯಾದವರನ್ನು ವಾಪಸ್ ಜೈಲಿಗೆ ಕಳಿಸಲಿಲ್ಲ. 19 ವರ್ಷ ಆದ ಮೇಲೆ, ಮನೆಯವರನ್ನು ಕಳೆದುಕೊಂಡವರ ಪ್ರಶ್ನೆ ಮೊದಲಿದ್ದಲ್ಲೇ ನಿಂತಿದೆ: ಹಾಗಾದರೆ ಮಾಡಿದ್ದು ಯಾರು?

ಇಂಥ ಕೇಸು ಬಿದ್ದಾಗ ಬಂಧಿತರ ಮನೆ, ಬೀದಿ, ಕೇರಿ ಎಲ್ಲ ಬಾಯಿ ಮುಚ್ಚಿಕೊಳ್ಳುತ್ತೆ. ಮುಂದಿನ ಸಲ ಯಾರೋ ಹೊಸಬ ರೂಮು ಹಿಡಿದು ರಾತ್ರಿ ಏನೋ ಮಾಡುತ್ತಿದ್ದಾನೆ ಅಂತ ಗೊತ್ತಾದರೂ ಪಕ್ಕದ ಮನೆಯವರು ಠಾಣೆಗೆ ಹೋಗೋದಿಲ್ಲ. ಭದ್ರತೆಯೋ ಹಕ್ಕೋ ಅಂತ ಟಿವಿಯಲ್ಲಿ ಜಗಳ ಮಾಡುವವರು ಈ ಲೆಕ್ಕ ಹಾಕಲ್ಲ. ಹೊಡೆದು ಬಾಯಿ ಬಿಡಿಸುವ ಪೊಲೀಸರು ಮಾಹಿತಿಯ ಮೂಲವನ್ನೇ ಬತ್ತಿಸುತ್ತಾರೆ.

ಬೀಟ್ ವ್ಯವಸ್ಥೆಗೆ ಬೆಲೆ ಬರೋದು ಇದಕ್ಕೇ. ಕರ್ನಾಟಕದಲ್ಲಿ 2017ರ ಹೊತ್ತಿಗೆ ಅದನ್ನು ಸುಧಾರಿಸಿ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಬೀಟ್ ಹಂಚಿದರು. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಪೊಲೀಸರು ಬಾಗಿಲಿಗೆ ಬಂದು ಏನಾದರೂ ತೊಂದರೆ ಇದೆಯಾ ಎಂದು ಕೇಳಬೇಕು. ಆಲೋಚನೆ ಚೆನ್ನಾಗಿದೆ. ಆದರೆ ಮನೆಗೆ ಬಂದವರು ಗೆಳೆಯರಂತೆ ಬಂದರಾ, ಪಟ್ಟಿ ಮಾಡೋಕೆ ಬಂದರಾ ಅನ್ನೋದು ಬಾಗಿಲು ತೆಗೆದವರಿಗೆ ಎರಡು ಮಾತಿನಲ್ಲೇ ತಿಳಿಯುತ್ತೆ.

ಕಾಡಿನಿಂದ ಊರಿಗೆ

ಪೊಲೀಸರ ಪಾತ್ರ ಹೇಗೆ ಬದಲಾಗುತ್ತಿದೆ ಅನ್ನೋದನ್ನು ಒಂದೇ ಜಾಗದಲ್ಲಿ ನೋಡಬೇಕಂದರೆ ಕಾರ್ಕಳದ ಕಡೆ ನೋಡಬೇಕು. ಅಲ್ಲಿದ್ದ ನಕ್ಸಲ್ ನಿಗ್ರಹ ಪಡೆ ಸುಮಾರು ಎರಡು ದಶಕ ಮಲೆನಾಡಿನ ಕಾಡು ಸುತ್ತಿತು. 2024ರ ನವೆಂಬರ್‌ನಲ್ಲಿ ಹೆಬ್ರಿ ಹತ್ತಿರದ ಕಬ್ಬಿನಾಲೆಯಲ್ಲಿ ವಿಕ್ರಂ ಗೌಡ ಗುಂಡಿಗೆ ಬಲಿಯಾದ. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಪಡೆಗೆ ಮೊದಲಿನಷ್ಟು ಕೆಲಸ ಉಳಿಯಲಿಲ್ಲ.

ಅದೇ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರು ಸುತ್ತಮುತ್ತ ಒಂದಾದ ಮೇಲೊಂದು ಕೊಲೆ ನಡೆದವು. ಒಂದು ಕೋಮಿನವನು ಸತ್ತರೆ ಇನ್ನೊಂದು ಕೋಮಿನವನು ಎಂಬ ಹಾಗೆ. ಜೂನ್‌ನಲ್ಲಿ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ವಿಶೇಷ ಕಾರ್ಯಪಡೆ ಮಾಡಿತು. ಅದಕ್ಕೆ 248 ಸಿಬ್ಬಂದಿ ಬಂದದ್ದು ನಕ್ಸಲ್ ನಿಗ್ರಹ ಪಡೆಯಿಂದಲೇ. ಕಾಡಿನಲ್ಲಿ ಹೆಜ್ಜೆ ಗುರುತು ಹುಡುಕುತ್ತಿದ್ದವರು ಈಗ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುವ ದ್ವೇಷದ ಮಾತು, ಪ್ರಚೋದಕ ಭಾಷಣ, ಸೇಡಿನ ಸಂಚಿನ ವಾಸನೆ ಹಿಡಿಯಬೇಕು. ಕಾಡಿನಲ್ಲಿ ಎದುರಾಳಿ ಯಾರು ಅನ್ನೋದರಲ್ಲಿ ಗೊಂದಲ ಇರಲಿಲ್ಲ. ಇಲ್ಲಿ ಎರಡೂ ಕಡೆಯವರು "ನಮ್ಮನ್ನೇ ಯಾಕೆ ಹಿಡೀತೀರಿ, ಅವರನ್ನು ಬಿಟ್ಟು?" ಎಂದು ಕೇಳುತ್ತಾರೆ. ಕೋಮು ಹಿಂಸೆಯೂ ಆಂತರಿಕ ಭದ್ರತೆಯ ವಿಷಯವೇ ಎಂದು ಒಪ್ಪಿಕೊಂಡದ್ದು ಮಾತ್ರ ಸರಿಯಾದ ಹೆಜ್ಜೆ. ಬಾಂಬ್ ಇಟ್ಟವನಿಗೆ ಬೇಕಾದ ಸಿಟ್ಟನ್ನು ಬೆಳೆಸೋದು ಈ ಸಣ್ಣ ಸಣ್ಣ ಸೇಡುಗಳೇ.

ಈ ಹೊಸ ಅಧಿಕಾರ ಇರುವವರು ತಪ್ಪು ಮಾಡಿದರೆ ಜನ ಹೋಗೋದೆಲ್ಲಿಗೆ? ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತ್ತು: ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ರಾಜ್ಯ ಮಟ್ಟದಲ್ಲಿ, ಡಿವೈಎಸ್‌ಪಿ ಮತ್ತು ಕೆಳಗಿನವರ ಮೇಲಿನ ದೂರಿಗೆ ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆ ದಾರಿ ಮಾಡಿತು. ಕಸ್ಟಡಿಯಲ್ಲಿ ಸಾವು, ತೀವ್ರ ಹಲ್ಲೆಯಂಥ ದೂರುಗಳನ್ನು ಅಲ್ಲಿ ಕೊಡಬಹುದು. ಆದರೆ ಈ ಪ್ರಾಧಿಕಾರಕ್ಕೆ ರಾಜ್ಯದ ಪೊಲೀಸರ ಮೇಲಷ್ಟೇ ಅಧಿಕಾರ. ಕೇಸು ಎನ್‌ಐಎಗೆ ಹೋದ ಮೇಲೆ ಅವರ ಅಧಿಕಾರಿಗಳ ಬಗ್ಗೆ ದೂರಿದ್ದರೆ ವಿಶೇಷ ನ್ಯಾಯಾಲಯ, ಹೈಕೋರ್ಟ್ ಅಥವಾ ದೆಹಲಿಯ ಮಾನವ ಹಕ್ಕುಗಳ ಆಯೋಗದ ಬಾಗಿಲು ತಟ್ಟಬೇಕು.